ವಡಗಾವಿಯ ವೈನಿ ಮತ್ತು ಪಾಳಿ ಆಟ

ಬೆಳಗಿನ ಹೊತ್ತು. ವಡಗಾವಿಯ ಓಣಿಯಲ್ಲಿ ರಾತ್ರಿ ಪಾಳಿಯ ಮಗ್ಗಗಳು ಇನ್ನೂ ನಿಂತಿಲ್ಲ. ತಮ್ಮ ಅಂಗಡಿಯ ಅರ್ಧ ಎತ್ತಿದ ಶಟರ್‌ನಡಿ ಬಾಗಿ ಒಳಹೋದ ಪ್ರಮಿಳಾ ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ. ಹಳೆಯ ಕಂಪ್ಯೂಟರೊಂದರ ಪಕ್ಕದ ತಗಡು ಬಿಚ್ಚುತ್ತಾರೆ. ಒಳಗಿನ ಫ್ಯಾನಿಗೆ ಬಿಳಿ, ಕೆಂಪು, ಹಸಿರು ನೂಲಿನ ಧೂಳು ಮೆತ್ತಿಕೊಂಡಿದೆ. ಬಣ್ಣ ಬಳಿಯುವ ಬ್ರಶ್ಶಿನಿಂದ ಅದನ್ನು ಮೆಲ್ಲಗೆ ಬಿಡಿಸುತ್ತಾರೆ.

"ದಿನಾ ತಗೀಬೇಕ್ರಿ. ಬಿಟ್ರ ಕಾದು ಬಂದ್ ಬೀಳ್ತಾವು. ಈ ಓಣ್ಯಾಗ ಮನಷ್ಯಾರ ಪುಪ್ಪಸಾನ ಉಳಿಯಂಗಿಲ್ಲ, ಇನ್ನ ಇವೇನು ಉಳಿತಾವು."

ಅಂಗಡಿಯಲ್ಲಿ ಇಂಟರ್‌ನೆಟ್ ಇಲ್ಲ. ಇರುವುದು ಮೂರು ಕಂಪ್ಯೂಟರು, ಅವುಗಳಲ್ಲಿ ಒಂದೇ ಆಟ. ಅದರ ಇಂಗ್ಲಿಷ್ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಪಾಳಿ ಆಟ ಎಂದರೆ ಸಾಕು. ಕತ್ತಲು ತುಂಬಿದ ನಕ್ಷೆ, ನಡುವೆ ಒಂದು ಬಂಡಿ, ಇಬ್ಬರು ಸಿಪಾಯಿಗಳು. ಜಾಗ ನೋಡಿ ಊರು ಕಟ್ಟಬೇಕು, ಹೊಲ ಮಾಡಬೇಕು, ರಸ್ತೆ ಹಾಕಬೇಕು. ಪಕ್ಕದ ರಾಜನೊಡನೆ ಸ್ನೇಹವೋ ಯುದ್ಧವೋ ತೀರ್ಮಾನಿಸಬೇಕು. ನಮ್ಮ ಪಾಳಿ ಮುಗಿಯಿತೆಂದು ಗುಂಡಿ ಒತ್ತಿದ ಮೇಲಷ್ಟೇ ಎದುರಾಳಿ ಅಲುಗಾಡುತ್ತಾನೆ. ಅಲ್ಲಿಯವರೆಗೆ ಇಡೀ ಲೋಕ ನಿಂತಿರುತ್ತದೆ.

ಇಪ್ಪತ್ತೈದು ವರ್ಷಕ್ಕೂ ಹಳೆಯದಾದ ಈ ಆಟವನ್ನು ಆಡಲು ನೇಕಾರರು ಇಂದಿಗೂ ಬರುತ್ತಾರೆ. ಕಿಸೆಯಲ್ಲಿ ಫೋನಿದೆ, ಫೋನಿನಲ್ಲಿ ಬೇಕಾದಷ್ಟು ಆಟಗಳಿವೆ. ಮತ್ತೆ ಇದೇಕೆ ಎಂದು ಕೇಳಿದರೆ ದುಂಡಪ್ಪ ಎಂಬ ನೇಕಾರ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಮಗ್ಗ ಕಾಯಂಗಿಲ್ರಿ. ಎಳಿ ಹರೀತಂದ್ರ ಓಡಬೇಕು. ಫೋನಿನ ಆಟಾನೂ ಹಂಗ, ಓಡು ಓಡು ಅಂತಾವು. ಇಲ್ಲಿ ನಾ ಒತ್ತೂತನಕ ಯಾರೂ ನನ್ನ ಕೊಲ್ಲಂಗಿಲ್ಲ. ಕುಂತು ವಿಚಾರ ಮಾಡಬಹುದು."

ಪ್ರಮಿಳಾ ಖಾನಾಪುರ ತಾಲೂಕಿನ ಗುಂಜಿಯವರು. ಕುರಿ ಕಾಯುವ ಮನೆತನ. ಹತ್ತನೆಯ ಇಯತ್ತೆಗೆ ಸಾಲಿ ಮುಗಿಯಿತು. ಪ್ರಸಾದ ಅವರ ಕೈಹಿಡಿದು ವಡಗಾವಿಗೆ ಬಂದಾಗ ಈ ಅಂಗಡಿ ಸೈಬರ್ ಕೆಫೆಯಾಗಿತ್ತು. ಫೋನುಗಳು ಬಂದ ಮೇಲೆ ಗಿರಾಕಿಗಳು ಕರಗಿದರು, ಪಾಳಿ ಆಟದವರು ಮಾತ್ರ ಉಳಿದರು. ಕೊರೊನಾದ ಎರಡನೇ ಅಲೆಯಲ್ಲಿ ಪ್ರಸಾದ ತೀರಿಕೊಂಡರು. ಎಲ್ಲವನ್ನೂ ಗುಜರಿಗೆ ಹಾಕಿಬಿಡು ಎಂದರು ಬಂಧುಗಳು. ಪ್ರಮಿಳಾ ಒಪ್ಪಿಯೂ ಇದ್ದರು. ಆಗ ಉಳವಪ್ಪ ಎಂಬ ಹಿರಿಯ ನೇಕಾರ ಬಂದು, ಆಟದಲ್ಲಿ ತಾವು ಕಟ್ಟಿದ ರಾಜ್ಯವನ್ನು ಒಮ್ಮೆ ನೋಡಿ ಹೋಗುತ್ತೇನೆ ಎಂದು ಕೇಳಿದರು. ಸ್ವಲ್ಪ ಹೊತ್ತು ಆಡಿದರು. ಮರುದಿನವೂ ಬಂದರು. "ಅವರು ಬರೂದು ಬಿಡಲಿಲ್ಲ, ನಾ ಮಾರಲಿಲ್ಲ" ಎನ್ನುತ್ತಾರೆ ಪ್ರಮಿಳಾ. ಇದರಿಂದ ಹೊಟ್ಟೆ ತುಂಬುವುದಿಲ್ಲ. ಮಧ್ಯಾಹ್ನ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾರೆ. ಓಣಿಗೆಲ್ಲ ಅವರು ವೈನಿ, ಎಂದರೆ ಅತ್ತಿಗೆ.

ಎರಡು ವರ್ಷದ ಹಿಂದೆ ಉಳವಪ್ಪನವರಿಗೆ ಮಗ್ಗದ ಮುಂದೆಯೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಕೆಲ ದಿನಗಳ ನಂತರ ಅವರ ಹೆಂಡತಿ ಕಾಶವ್ವ ಅಂಗಡಿಗೆ ಬಂದು ಅತ್ತರು. ಗಂಡ ಎಡಗೈ ಬೆರಳಿನಿಂದ ಹೊದ್ದ ಕೌದಿಯನ್ನು ಒತ್ತುತ್ತಲೇ ಇರುತ್ತಾರೆ, ಏನು ಬೇಡುತ್ತಾರೋ ತಿಳಿಯುತ್ತಿಲ್ಲ ಎಂದರು. ಪ್ರಮಿಳಾ ಹೋಗಿ ನೋಡಿದರು. ಬೆರಳು ಒತ್ತುತ್ತದೆ, ತಡೆಯುತ್ತದೆ, ಮತ್ತೆ ಒತ್ತುತ್ತದೆ, ಆಟದಲ್ಲಿ ಪಾಳಿ ಮುಗಿಸುವ ಗುಂಡಿ ಒತ್ತಿದಂತೆ. ಮರುದಿನವೇ ಉಳವಪ್ಪ ಆಡುತ್ತಿದ್ದ ಕಂಪ್ಯೂಟರನ್ನು ರಿಕ್ಷಾದಲ್ಲಿ ಅವರ ಹಾಸಿಗೆಯ ಬಾಜು ತಂದಿಟ್ಟರು. ಒಂದೇ ಕೈ, ಅದೂ ನಿಧಾನ. ಆದರೆ ಈ ಆಟದಲ್ಲಿ ನಿಧಾನಕ್ಕೆ ಶಿಕ್ಷೆಯಿಲ್ಲ.

ಕಳೆದ ಮಳೆಗಾಲದಲ್ಲಿ ಅದರ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ವರ್ಷಗಟ್ಟಲೆ ಕಟ್ಟಿದ ರಾಜ್ಯ ಅದರಲ್ಲೇ ಇತ್ತು. ಪೇಟೆಯ ರಿಪೇರಿ ಅಂಗಡಿಗಳಿಗೆ ಒಯ್ದರೂ ಏನೂ ಸಿಗಲಿಲ್ಲ. ದುರಸ್ತಿಗೆ ಕೊಟ್ಟಿದೆ ಎಂದು ಸುಳ್ಳು ಹೇಳಿಬಿಡು ಎಂದು ಕಾಶವ್ವ ಬೇಡಿಕೊಂಡರು. ದಿನಾ ಬಾಗಿಲ ಕಡೆ ನೋಡುತ್ತ ಕಾಯುವ ಮನುಷ್ಯನಿಗೆ ಸುಳ್ಳು ಹೇಳಲು ಪ್ರಮಿಳಾಗೆ ಬಾಯಿ ಬರಲಿಲ್ಲ. "ಕಾಕಾ, ನಿಮ್ಮ ರಾಜ್ಯ ಹೋತ್ರಿ. ನನ್ನ ಕಡಿಂದ ಉಳಸಾಕ ಆಗಲಿಲ್ಲ" ಎಂದರು.

ಉಳವಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಗಂಜಿಯನ್ನೂ ಕೈಯಿಂದ ತಳ್ಳಿದರು. ಬೇರೆ ಡಿಸ್ಕ್ ಹಾಕಿ ತಂದರೂ ಹೊರಳಿ ನೋಡಲಿಲ್ಲ.

ಇಷ್ಟು ವರ್ಷ ಕಂಪ್ಯೂಟರುಗಳ ಧೂಳು ತೆಗೆದ ಪ್ರಮಿಳಾ ಒಮ್ಮೆಯೂ ಆಟ ಆಡಿರಲಿಲ್ಲ. ಬೇರೇನೂ ತೋಚದೆ ಒಂದು ಬೆಳಿಗ್ಗೆ ಅವರ ಹಾಸಿಗೆಯ ಪಕ್ಕ ಕುಳಿತು ತಾವೇ ಆಡತೊಡಗಿದರು. ಹಾಳು ನೆಲದಲ್ಲಿ ಊರು ಕಟ್ಟಿದರು. ಸಿಪಾಯಿಗಳನ್ನು ಎಲ್ಲೋ ಕಳಿಸಿ ಊರು ಬರಿದು ಮಾಡಿದರು. ಶತ್ರು ಬಂದು ಸುಟ್ಟ. ಮತ್ತೆ ಶುರು ಮಾಡಿದರು, ಮತ್ತೆ ಅದೇ ಆಯಿತು. ಮೂರನೆಯ ಸಲ ಹಿಂದಿನಿಂದ ಗಂಟಲು ಕೆರೆದಂತಹ ದನಿ ಕೇಳಿಸಿತು. ತಿರುಗಿದರೆ ಉಳವಪ್ಪ ಕೌದಿಯಿಂದ ಎಡಗೈ ಹೊರತೆಗೆದು ಪರದೆಯಲ್ಲಿದ್ದ ಹೊಳೆಯತ್ತ ತೋರಿಸುತ್ತಿದ್ದರು.

"ಇಲ್ಲಿ ಕಟ್ಟು ಅಂದ್ರು, ಕಟ್ಟಿದೆ" ಎನ್ನುತ್ತಾರೆ ಪ್ರಮಿಳಾ. ಕಾಶವ್ವ ಅಂದು ಗಂಜಿ ಕುಡಿಸಿದರಂತೆ.

ಅಂದಿನಿಂದ ಇಬ್ಬರೂ ಅದೇ ಪರದೆಯಲ್ಲಿ ಎದುರುಬದುರು ರಾಜರು. ಅಂಗಡಿ ತೆರೆದಿಟ್ಟು, ದುಂಡಪ್ಪನವರಿಗೆ ನೋಡಿಕೊಳ್ಳಲು ಹೇಳಿ, ಪ್ರಮಿಳಾ ದಿನಾ ಅಲ್ಲಿಗೆ ಹೋಗುತ್ತಾರೆ. ನಾವು ಹೋದ ದಿನವೂ ಉಳವಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದಾರೆ. ಈಚೆಗೆ ಎಡಗೈಯೂ ನಡುಗುತ್ತಿದೆ. ಮತ್ತೊಮ್ಮೆ ಹೊಡೆತ ಬಿದ್ದರೆ ಕಷ್ಟ ಎಂದಿದ್ದಾರೆ ಡಾಕ್ಟರು. ಕುದುರೆ ಸವಾರನೊಬ್ಬನನ್ನು ಒಂದು ಮನೆ ಸರಿಸುವಷ್ಟರಲ್ಲಿ ಕಾಶವ್ವ ಕೊಟ್ಟ ಚಹಾ ಆರಿಹೋಗುತ್ತದೆ. ಪ್ರಮಿಳಾ ಅವಸರಿಸುವುದಿಲ್ಲ, ಕೈ ಹಿಡಿದು ನೆರವಾಗುವುದೂ ಇಲ್ಲ. ಮಡಿಲಲ್ಲಿ ಕೈಯಿಟ್ಟು ಸುಮ್ಮನೆ ಕೂತಿರುತ್ತಾರೆ. ಗೆದ್ದಿದ್ದೀರಾ ಎಂದರೆ ತಲೆಯಾಡಿಸಿ, ಒಮ್ಮೆಯೂ ಇಲ್ಲ ಎನ್ನುತ್ತಾರೆ.

ಅಂಗಡಿಯ ಕಟ್ಟಡವನ್ನು ಮಾಲೀಕರು ಕೆಡವಲಿದ್ದಾರೆ. ಓಣಿಯ ಮಗ್ಗಗಳೂ ಒಂದೊಂದಾಗಿ ಗುಜರಿ ಸೇರುತ್ತಿವೆ. ಬೇರೆ ಜಾಗ ಬೇಕೇ, ಹೊಸ ಕಂಪ್ಯೂಟರು ಬೇಕೇ ಎಂದು ಕೇಳಿದಾಗ ಪ್ರಮಿಳಾ ಅಂಗಡಿಯ ಕಡೆ ಹೆಜ್ಜೆ ಹಾಕುತ್ತಾರೆ. ಉಳವಪ್ಪನವರ ಓಣಿ ದಾಟಿದ ಮೇಲೆ ದನಿ ತಗ್ಗಿಸಿ ಹೇಳುತ್ತಾರೆ:

"ಕಾಕಾನಕಿಂತ ಮೊದಲ ಆ ಮಷೀನ ಹೋಗಬಾರದ್ರಿ. ಇನ್ನೊಮ್ಮೆ ಅವರ ಮುಂದ ನಿಂತು ಹೋತು ಅನ್ನಾಕ ನನ್ನ ಕಡಿಂದ ಆಗಂಗಿಲ್ಲ."