ಈಥನ್‌ನನ್ನು ವಿಚಾರಿಸಲು ಬಂದವರು

ನಮ್ಮ ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಆ ಹುಡುಗ ತನ್ನ ಮುಂದಿನ ಎರಡು ಹಲ್ಲುಗಳನ್ನು ಕಳಚಿ, ಸಕ್ಕರೆ ಡಬ್ಬಿಯ ಪಕ್ಕದ ಸ್ಟೀಲ್ ಬಟ್ಟಲಲ್ಲಿಟ್ಟು, ಉಪ್ಪಿಟ್ಟು ತಿನ್ನಲು ಕೂತ. ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಆರಡಿ ಮೀರಿದ ಎತ್ತರ, ವಯಸ್ಸು ಮಾತ್ರ ಹದಿನೇಳು. ನಕ್ಕರೆ ಬಾಯಿಯ ನಡುವೆ ಕಪ್ಪು ಕಿಂಡಿ. ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ: ನೋವೇನಿಲ್ಲ, ಹಾಕಿ ಆಡುವವರಲ್ಲಿ ಇದು ಮಾಮೂಲು. ಹೊರಗೆ ಆಗಸ್ಟ್ ತಿಂಗಳ ಟೆಕ್ಸಸ್ ಬಿಸಿಲಿಗೆ ಕಾರಿನ ಸ್ಟಿಯರಿಂಗ್ ಮುಟ್ಟಲಾಗುತ್ತಿರಲಿಲ್ಲ. ಇವನು ಬಂದದ್ದು ಮಂಜುಗಡ್ಡೆಯ ಮೇಲೆ ಆಡಲು.

ನಾನು ಹುಟ್ಟಾ ಅಂಜುಬುರುಕಿ, ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ಮದುವೆಯಾಗಿ ಬಂದಾಗ ಮೊದಲು ನಾವಿದ್ದದ್ದು ಹ್ಯೂಸ್ಟನ್ನಿನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ. ನಮ್ಮವರ ಕಂಪನಿಯ ಆಫೀಸು ಅಲ್ಲಿತ್ತು. ಎಲ್ಲಿ ನೋಡಿದರೂ ಪೈನ್ ಮರ, ಕೆರೆಯ ದಂಡೆಯಲ್ಲಿ ಮೊಸಳೆ ಇದೆ ಎಂಬ ಫಲಕ. ವಾಕಿಂಗ್ ಹೋಗಲು ಅಂಜಿಕೆ, ಹೈವೇಯಲ್ಲಿ ಡ್ರೈವ್ ಮಾಡಲು ಅಂಜಿಕೆ, ಬಾಗಿಲು ಬಡಿದರೆ ಅಂಜಿಕೆ, ಯಾರೂ ಬಡಿಯದಿದ್ದರೆ ಇನ್ನೂ ಅಂಜಿಕೆ. ಹುಬ್ಬಳ್ಳಿಯಲ್ಲಿ ಎರಡು ಸಲ ಕೆಮ್ಮಿದರೆ ಪಕ್ಕದ ಮನೆಯವರು ಕಷಾಯ ತರುತ್ತಿದ್ದರು. ಇಲ್ಲಿ ಪಕ್ಕದ ಮನೆಯವರ ಮುಖ ಕಾಣುತ್ತಿದ್ದುದು ಕಸದ ಡಬ್ಬಿ ಹೊರಗಿಡುವ ದಿನ ಮಾತ್ರ. ಆಮೇಲೆ ಡಾಲಸ್ ಹತ್ತಿರದ ಮರ್ಫಿಗೆ ಶಿಫ್ಟ್ ಆದೆವು. ಊರು ಸಣ್ಣದು, ನಿಶ್ಶಬ್ದ. ನನಗೊಂದು ಔಷಧ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಗಳು ಅಪೂರ್ವ ಐಸ್ ಸ್ಕೇಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಳು. ಆ ರಿಂಕ್‌ನ ಬಾಗಿಲಲ್ಲೇ ನಮಗೆ ಈಥನ್ ಗಂಟುಬಿದ್ದದ್ದು.

ನಿಮಗೆ ವಿಚಿತ್ರ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಇಲ್ಲಿ ಹಾಕಿಯಲ್ಲಿ ಮುಂದೆ ಬರಬೇಕೆನ್ನುವ ಹುಡುಗರು ಹದಿನಾರು ಹದಿನೇಳಕ್ಕೆ ಮನೆ ಬಿಟ್ಟು, ಜೂನಿಯರ್ ತಂಡ ಇರುವ ದೂರದ ಊರಿಗೆ ಹೋಗಿ, ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಇರುತ್ತಾರೆ. ಹಾಗೆ ಇಟ್ಟುಕೊಳ್ಳುವ ಮನೆಗೆ ಬಿಲೆಟ್ ಎನ್ನುತ್ತಾರೆ. ಈಥನ್ ಮಿನೆಸೋಟದವನು, ಕೆನಡಾದ ಗಡಿಗೆ ಹತ್ತಿರದ ಊರು. ತಂಡದವರು ಮನೆ ಹುಡುಕುತ್ತಿದ್ದರು. ನಮ್ಮವರು ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟರು. ನಾನು ರಾತ್ರಿಯಿಡೀ ಮುಖ ಊದಿಸಿಕೊಂಡಿದ್ದೆ.

"ನಾನೂ ಮಂದಿ ಮನ್ಯಾಗ ಉಂಡು ಓದಿದಾಂವ," ಎಂದರು ಅವರು. "ಒಂದು ಹುಡುಗಗ ಊಟಕ್ಕ ಹಾಕೋದ್ರಾಗ ನಿನಗೇನ್ ಅಂಜಿಕಿ?"

ಅಂಜಿಕೆ ಊಟದ್ದಲ್ಲ, ಮಂದಿಯ ಮಗನದ್ದು. ನಮ್ಮ ಮಗು ಬಿದ್ದರೆ ನಾವು ಅಳುತ್ತೇವೆ, ಅಷ್ಟೇ. ಮಂದಿಯ ಮಗ ಬಿದ್ದರೆ ಯಾರಿಗೆ ಏನು ಹೇಳುವುದು? ಆದರೂ ಹುಡುಗ ಬಂದ, ಹೊಂದಿಕೊಂಡ. ಮಾಂಸ ಬೇಕಾದರೆ ಹಿತ್ತಲಿನ ಗ್ರಿಲ್ ಮೇಲೆ, ಅಡುಗೆಮನೆಯೊಳಗೆ ಇಲ್ಲ ಎಂಬ ನನ್ನ ಕಟ್ಟಳೆಯನ್ನು ಒಂದು ದಿನವೂ ಮುರಿಯಲಿಲ್ಲ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೇಲೆ ಜೇನುತುಪ್ಪ ಹಾಕಿಕೊಂಡು ತಿನ್ನುತ್ತಿದ್ದ. ಅಪೂರ್ವಳನ್ನು ನೋಡಿ ಮನೆಗೆ ಬಂದವರನ್ನೆಲ್ಲ ಅಂಕಲ್ ಆಂಟಿ ಎನ್ನಲು ಕಲಿತ. ನಾನು ಕನ್ನಡದಲ್ಲಿ ಬೈದರೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ಅವನು ಮಾತ್ರ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಅವನ ಮ್ಯಾಚುಗಳಿಗೆ ಹೋಗಿ ಹೋಗಿ ನನಗೆ ಇಲ್ಲಿನ ಮೊದಲ ಗೆಳತಿ ಸಿಕ್ಕಳು. ಡೆಬ್ರಾ, ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಅವಳು ಮತ್ತು ಏಸಿ ರಿಪೇರಿಯ ರಿಕ್, ಇಬ್ಬರೂ ಹಾಕಿ ಹುಚ್ಚರು. ಡಾಲಸ್‌ನ ದೊಡ್ಡ ತಂಡವೇ ಅವರ ಪ್ರಾಣ. ಆದರೆ ಮ್ಯಾಚಿನ ಮಧ್ಯೆ ಮಧ್ಯೆ ಅವರು ಜಗಳವಾಡುತ್ತಿದ್ದುದು ಇನ್ನೂ ಆ ತಂಡಕ್ಕೆ ಬಾರದ ಹುಡುಗರ ಬಗ್ಗೆ. ಪ್ರತಿ ಜೂನ್‌ನಲ್ಲಿ ಡ್ರಾಫ್ಟ್ ಅಂತ ಒಂದು ನಡೆಯುತ್ತದೆ. ದೊಡ್ಡ ಲೀಗ್‌ನ ತಂಡಗಳು ಸರದಿಯ ಮೇಲೆ ಹದಿನೆಂಟರ ಆಸುಪಾಸಿನ ಹುಡುಗರ ಹೆಸರು ಕೂಗಿ ತಮ್ಮವರನ್ನಾಗಿ ಮಾಡಿಕೊಳ್ಳುತ್ತವೆ. ಯಾವ ತಂಡ ಎಂದು ಹುಡುಗ ಆರಿಸುವಂತಿಲ್ಲ. ನಮ್ಮ ತಂಡಕ್ಕೆ ಬೇಕಿರುವುದು ಡಿಫೆಂಡರ್ ಎಂದು ಡೆಬ್ರಾ, ಗೋಲು ಹೊಡೆಯುವವರಿಲ್ಲದೆ ಡಿಫೆಂಡರ್ ಇಟ್ಟುಕೊಂಡು ಪೂಜೆ ಮಾಡುತ್ತೀಯಾ ಎಂದು ರಿಕ್. ಹುಡುಗನ ಎತ್ತರ ಎಷ್ಟು, ಅಪ್ಪನ ಎತ್ತರ ಎಷ್ಟು, ಇನ್ನೂ ಬೆಳೆಯುತ್ತಾನೋ, ಸಿಟ್ಟು ಎಂಥದು, ಮನೆಯಲ್ಲಿ ಹೇಗಿರುತ್ತಾನೆ. ಕೇಳುತ್ತ ಕೇಳುತ್ತ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಮ್ಮ ಕಡೆ ಕನ್ಯಾ ನೋಡಲು ಬಂದವರ ಮಾತು ಥೇಟ್ ಹೀಗೇ ಇರುತ್ತದೆ. ಒಂದೇ ವಿಷಯಕ್ಕೆ ಇಬ್ಬರೂ ರಾಜಿಯಾಗುತ್ತಿದ್ದರು: ಕೊನೆಯ ಸುತ್ತಿನಲ್ಲಾದರೂ ನಮ್ಮ ತಂಡ ಈಥನ್‌ನನ್ನು ತೆಗೆದುಕೊಳ್ಳಬೇಕು.

ಆ ನಗು ಫೆಬ್ರವರಿಯವರೆಗೆ ಮಾತ್ರ. ಒಂದು ಶನಿವಾರದ ಮ್ಯಾಚಿನಲ್ಲಿ ಎದುರಾಳಿಯೊಬ್ಬ ಹಿಂದಿನಿಂದ ಬಂದು ಗುದ್ದಿದ. ಈಥನ್‌ನ ಹೆಲ್ಮೆಟ್ ಗಾಜಿನ ಗೋಡೆಗೆ ಬಡಿದ ಸದ್ದು ನಮ್ಮ ಸಾಲಿನವರೆಗೆ ಕೇಳಿಸಿತು. ಅವನು ಎದ್ದ, ಕೈ ಬೀಸಿದ, ಆಡಿದ. ಎಲ್ಲರೂ ಚಪ್ಪಾಳೆ ಹೊಡೆದರು. ಮರುದಿನ ನಾನು ಚಟ್ನಿ ರುಬ್ಬಲು ಮಿಕ್ಸಿ ಹಾಕಿದರೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಅಡುಗೆಮನೆಯಿಂದ ಹೊರಗೆ ಹೋದ. ರೂಮಿನ ಕರ್ಟನ್ ಎಳೆದು ಕತ್ತಲಲ್ಲಿ ಮಲಗಿದ. ಇವತ್ತು ಯಾವ ವಾರ ಎಂದು ಕೇಳಿದ, ಹೇಳಿದೆ, ಕೈ ತೊಳೆದು ಬಂದು ಮತ್ತೆ ಕೇಳಿದ. ಬಚ್ಚಲಲ್ಲಿ ವಾಂತಿಯ ಸದ್ದು. ನಾನು ಧಾರವಾಡದಲ್ಲಿ ಫಾರ್ಮಸಿ ಓದಿದವಳು. ತಲೆಗೆ ಪೆಟ್ಟು ಬಿದ್ದು ಮಿದುಳು ಒಳಗೇ ಅಲುಗಿದರೆ ಇಲ್ಲಿ ಕನ್ಕಷನ್ ಎನ್ನುತ್ತಾರೆ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವನು ಹಾಸಿಗೆಯ ಮೇಲೆ ಎದ್ದು ಕೂತ. "ಆಂಟಿ, ಸೀಸನ್ ಮುಗಿಯೋವರೆಗೆ ಯಾರಿಗೂ ಹೇಳಬೇಡಿ," ಎಂದ. "ತಲೆಗೆ ಪೆಟ್ಟು ಅಂದರೆ ಮುಗೀತು. ಡ್ರಾಫ್ಟ್‌ನಲ್ಲಿ ನನ್ನ ಹೆಸರು ಯಾರೂ ಎತ್ತಲ್ಲ. ಅಮ್ಮನಿಗಂತೂ ಹೇಳಲೇಬೇಡಿ."

ನಮ್ಮವರು ಆಗ ಆಫೀಸಿನ ಕೆಲಸಕ್ಕೆ ಆಸ್ಟಿನ್‌ಗೆ ಹೋಗಿದ್ದರು. ಸೀಡರ್ ಪಾರ್ಕ್‌ನಲ್ಲಿ ಗೆಳೆಯರ ಮನೆಯಲ್ಲಿ ಇಳಿದುಕೊಂಡಿದ್ದರು. ಫೋನಿನಲ್ಲಿ ಹೇಳಿದೆ. ಅವನ ತಾಯಿಗೆ ಕೂಡಲೇ ತಿಳಿಸು ಎಂದರು. ನಾಳೆ ಮಾಡುತ್ತೇನೆ ಎಂದೆ. ಆ ನಾಳೆ ಬರಲೇ ಇಲ್ಲ. ಯಾಕೆಂದರೆ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಾನು ಕಲಿತದ್ದು ಬೇರೆ.

ಒಂದು ಹುಡುಗಿಗೆ ಸಂಬಂಧ ಬಂದರೆ ಗಂಡಿನ ಕಡೆಯವರು ಗುಟ್ಟಾಗಿ ಆಜುಬಾಜಿನ ಮನೆಗಳಲ್ಲಿ ವಿಚಾರಿಸುತ್ತಾರೆ. ನಾನು ಸಣ್ಣವಳಿದ್ದಾಗ ನಮ್ಮ ಎದುರು ಮನೆಯ ಗೌರಮ್ಮ, ಪಕ್ಕದ ಮನೆಯ ಹುಡುಗಿ ಆಗಾಗ ತಲೆ ತಿರುಗಿ ಬೀಳುತ್ತಾಳೆ ಎಂದು ವಿಚಾರಿಸಲು ಬಂದವರಿಗೆ ಹೇಳಿಬಿಟ್ಟಿದ್ದಳು. ಹೇಳಿದ್ದು ಸುಳ್ಳಲ್ಲ. ಆದರೆ ಸಂಬಂಧ ಮುರಿಯಿತು, ಆ ಮೇಲೆ ಓಣಿಯ ಯಾರೂ ಗೌರಮ್ಮನ ಹೊಸ್ತಿಲು ತುಳಿಯಲಿಲ್ಲ. ನನ್ನವ್ವ ನಮಗೆಲ್ಲ ಪಾಠ ಹೇಳಿಕೊಟ್ಟಳು: ಯಾರೇ ಕೇಳಲಿ, ಛಲೋ ಮಂದಿ ಎನ್ನಬೇಕು. ಏನಾದರೂ ಐಬು ಇದ್ದರೆ, 'ಅವರ ಮನ್ಯಾಗ ಒಂದು ಮಾತು ಕೇಳ್ರಿ' ಎಂದು ಸುಮ್ಮನಾಗಬೇಕು. ಕೇಳುವವರು ಜಾಣರಿದ್ದರೆ ಅಷ್ಟಕ್ಕೇ ತಿಳಿದುಕೊಂಡು ಮುಂದೆ ಶೋಧಿಸುತ್ತಾರೆ, ನಮ್ಮ ನಾಲಿಗೆಗೆ ಪಾಪ ಅಂಟುವುದಿಲ್ಲ. ಹುಬ್ಬಳ್ಳಿಯಲ್ಲಿ ಈ ಮಾತಿನ ಅರ್ಥ ತಿಳಿಯದವರೇ ಇಲ್ಲ.

ಮರುವಾರದಲ್ಲೇ ನನ್ನ ಫೋನಿಗೆ ಕರೆ ಬಂತು. ದೊಡ್ಡ ಲೀಗ್‌ನ ಒಬ್ಬ ಸ್ಕೌಟ್, ಅಂದರೆ ತಂಡಕ್ಕಾಗಿ ಊರೂರು ಅಲೆದು ಹುಡುಗರನ್ನು ನೋಡುವವನು. ಬಿಲೆಟ್ ಮನೆಯವರನ್ನು ವಿಚಾರಿಸುವುದು ಅವರ ಪದ್ಧತಿಯಂತೆ. ಹುಡುಗ ಬೆಳಿಗ್ಗೆ ತಾನೇ ಏಳುತ್ತಾನಾ, ತಟ್ಟೆ ತೊಳೆಯುತ್ತಾನಾ, ಸೋತ ದಿನ ಹೇಗಿರುತ್ತಾನೆ. ಬಂಗಾರದಂಥ ಹುಡುಗ ಎಂದೆ, ನಿಜವನ್ನೇ ಹೇಳಿದೆ. ಆಮೇಲೆ ಅವನು ಆರೋಗ್ಯದ ಬಗ್ಗೆ ಕೇಳಿದ. "ಅದನ್ನ ನೀವು ಅವನ ತಾಯಿಯನ್ನೇ ಕೇಳಿ," ಎಂದೆ.

ಫೋನಿಟ್ಟ ಮೇಲೆ ನನಗೆ ಎಷ್ಟು ಹಗುರಾಯಿತೆಂದರೆ, ಅಂದು ಶಿರಾ ಮಾಡಿದೆ. ಹೇಳಿದ್ದೇನೆ, ಹೇಳಿಯೂ ಇಲ್ಲ. ಇನ್ನು ಅವರು ಶೋಧಿಸುತ್ತಾರೆ, ತಂಡದ ಡಾಕ್ಟರು ಬರುತ್ತಾರೆ, ಹುಡುಗನನ್ನು ಆಟದಿಂದ ತಡೆಯುತ್ತಾರೆ ಎಂದು ನಂಬಿದ್ದೆ. ಯಾರೂ ಬರಲಿಲ್ಲ. ಅವನು ಕಣ್ಣು ಕಿರಿದಾಗಿಸಿಕೊಂಡೇ ಪ್ರಾಕ್ಟೀಸಿಗೆ ಹೋಗುತ್ತಿದ್ದ, ಬಂದು ಕತ್ತಲಲ್ಲಿ ಮಲಗುತ್ತಿದ್ದ. ಕೋಚ್‌ಗೆ ಹೊಟ್ಟೆನೋವು ಎಂದು ಹೇಳಿ ಡಿಕ್ಕಿ ಹೊಡೆಯುವ ಅಭ್ಯಾಸಗಳನ್ನು ತಪ್ಪಿಸಿಕೊಳ್ಳುತ್ತಿದ್ದನಂತೆ.

ಮುಂದಿನ ಮ್ಯಾಚಿನ ಸಂಜೆ ನಾನು ಹೋಗಿ ಕೂರುವಷ್ಟರಲ್ಲಿ ಡೆಬ್ರಾ ಬಂದು ಅಪ್ಪಿಕೊಂಡಳು. ಸ್ಕೌಟ್ ಅಲ್ಲಿಗೆ ಬಂದಿದ್ದ, ಅವಳು ಬಿಡುತ್ತಾಳೆಯೇ, ಮಾತಿಗೆಳೆದಿದ್ದಳು. "ಸುಮಾ, ನಿನ್ನ ಮನೆಯಿಂದ ಬಂದ ಮಾತು ಅವನಿಗೆ ತುಂಬ ಹಿಡಿಸಿದೆ," ಎಂದಳು. "ಎಂಥ ಮರ್ಯಾದಸ್ಥರು, ಮಗನ ಆರೋಗ್ಯದ ಮಾತು ತಾಯಿಯ ಬಾಯಿಂದಲೇ ಬರಲಿ ಅಂದರಂತೆ ಅಂತ ಹೊಗಳಿದ. ತಾಯಿಗೂ ಫೋನ್ ಮಾಡಿದ್ದಾನೆ. ಕಲ್ಲಿನ ಹಾಗಿದ್ದಾನೆ ನನ್ನ ಮಗ ಅಂದಳಂತೆ."

ರಿಕ್ ಆಗಲೇ ತನ್ನ ಲೆಕ್ಕದಲ್ಲಿ ಈಥನ್‌ನನ್ನು ಡ್ರಾಫ್ಟ್‌ನ ಕೊನೆಯ ಸುತ್ತಿನಿಂದ ಎತ್ತಿ ಮಧ್ಯದ ಸುತ್ತಿಗೆ ತಂದಿದ್ದ. ಅಷ್ಟು ಮೇಲೆ ಬೇಡ ಎಂದು ಡೆಬ್ರಾ ಅವನೊಡನೆ ಜಗಳಕ್ಕೆ ನಿಂತಳು. ನನಗೆ ಅವರ ತುಟಿಗಳು ಮಾತ್ರ ಕಾಣುತ್ತಿದ್ದವು. ಅವನ ತಾಯಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದವಳ ಬಾಯಿಂದ ನಾನು ಸುಳ್ಳು ಹೇಳಿಸಿದ್ದೆ. ಕೆಳಗೆ ಹುಡುಗರು ವಾರ್ಮಪ್ ಮಾಡುತ್ತ ಸುತ್ತುತ್ತಿದ್ದರು. ಈಥನ್ ತಿರುವಿನಲ್ಲಿ ಗೋಡೆಗೆ ಕೈ ಊರಿ ಒಂದು ಗಳಿಗೆ ನಿಂತ, ಕಣ್ಣು ಮುಚ್ಚಿ ತೆರೆದ, ಮತ್ತೆ ಹೊರಟ. ಅದನ್ನು ಆ ಇಡೀ ಕಟ್ಟಡದಲ್ಲಿ ನಾನೊಬ್ಬಳೇ ನೋಡಿದೆನೇನೋ.

ಹೇಗೆ ಮೆಟ್ಟಿಲು ಇಳಿದೆನೋ ಗೊತ್ತಿಲ್ಲ. ಆಟಗಾರರ ಗೇಟಿನ ಬಳಿ ತಂಡದ ಟ್ರೇನರ್ ಇದ್ದಳು, ಪೆಟ್ಟು ಗಾಯ ನೋಡಿಕೊಳ್ಳುವವಳು. ಯಾವ ಸುತ್ತುಬಳಸೂ ಇಲ್ಲದೆ, ನನ್ನ ಒಡಕು ಇಂಗ್ಲಿಷಿನಲ್ಲಿ, ಹುಡುಗನ ತಲೆಗೆ ಪೆಟ್ಟಾಗಿದೆ, ವಾಂತಿ ಮಾಡಿಕೊಂಡಿದ್ದಾನೆ, ಬೆಳಕು ತಡೆಯುವುದಿಲ್ಲ, ಅವನನ್ನು ಆಡಿಸಬೇಡಿ ಎಂದೆ. ಅವಳು ನನ್ನನ್ನು ಏನೂ ಕೇಳಲಿಲ್ಲ. ತಕ್ಷಣ ಕೂಗಿ ಅವನನ್ನು ಹೊರಗೆ ಕರೆದಳು. ಗೇಟು ದಾಟುವಾಗ ಅವನು ನನ್ನನ್ನು ನೋಡಿದ. ಸಿಟ್ಟಾಗಿದ್ದರೆ ಸಹಿಸುತ್ತಿದ್ದೆ. ಬಯಲಿನಲ್ಲಿ ಕೈ ಬಿಟ್ಟುಹೋದ ಮಗುವಿನ ಮುಖ ಅದು.

ಡಾಕ್ಟರು ಪರೀಕ್ಷೆ ಮಾಡಿ, ಆ ಸೀಸನ್ ಇನ್ನು ಆಡುವಂತಿಲ್ಲ ಎಂದರು. ಅವನ ತಾಯಿ ಮಿನೆಸೋಟದಿಂದ ಬಂದು ಕರೆದುಕೊಂಡು ಹೋದಳು. ಹೊರಡುವಾಗ ಅವನು, "ಥ್ಯಾಂಕ್ಸ್ ಆಂಟಿ," ಎಂದ, ಅಂಗಡಿಯವರಿಗೆ ಹೇಳುವ ಹಾಗೆ. ನಮ್ಮವರನ್ನು ಮಾತ್ರ ಅಪ್ಪಿಕೊಂಡ. ಅಪೂರ್ವ ತನ್ನ ರೂಮಿನ ಬಾಗಿಲು ತೆರೆಯಲಿಲ್ಲ.

ಜೂನ್‌ನಲ್ಲಿ ಡೆಬ್ರಾಳ ಮನೆಯಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ಡ್ರಾಫ್ಟ್ ನೋಡಿದೆವು. ನಮ್ಮ ತಂಡ ಡಿಫೆಂಡರ್ ಒಬ್ಬನನ್ನು ತೆಗೆದುಕೊಂಡಾಗ ಡೆಬ್ರಾ ಕುಣಿದಳು. ಕೊನೆಯ ಸುತ್ತಿನ ಹೆಸರುಗಳು ಒಂದೊಂದಾಗಿ ಬಂದವು. ಈಥನ್‌ನ ಹೆಸರು ಬರಲಿಲ್ಲ. ರಿಕ್ ಟಿವಿ ಆರಿಸಿ, ನನ್ನ ಕಡೆ ನೋಡದೆ, ಚಿಪ್ಸ್ ಬಟ್ಟಲನ್ನು ನನ್ನತ್ತ ಸರಿಸಿದ. ಮುಂದಿನ ವರ್ಷದ ಹುಡುಗರ ಬಗ್ಗೆ ಅವರಿಬ್ಬರೂ ಜಗಳ ಶುರುಮಾಡಿದ ಮೇಲೆ ನಾನು ಉಸಿರು ಬಿಟ್ಟೆ. ನನ್ನನ್ನು ಆ ಮನೆಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ಗೌರಮ್ಮನಿಗೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದು ನನಗೆ ಆಗಲೇ ನೆನಪಾದದ್ದು.

ಇಷ್ಟೆಲ್ಲ ಬರೆದದ್ದು ಎರಡು ಪ್ರಶ್ನೆಗಳಿಗಾಗಿ. ಕಾರಿಗೆ ಸಾಮಾನು ಹಾಕಿದ ಮೇಲೆ ಈಥನ್‌ನ ತಾಯಿ ನಮ್ಮ ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದ್ದಳು. "ಅಷ್ಟು ದಿನ ಯಾಕೆ ಹೇಳಲಿಲ್ಲ? ಆ ಸ್ಕೌಟ್ ಕೇಳಿದಾಗ ನಾನು ನನ್ನ ಮಗ ಗಟ್ಟಿಯಾಗಿದ್ದಾನೆ ಅಂದುಬಿಟ್ಟೆನಲ್ಲ."

ಅದೇ ವಾರದ ಭಾನುವಾರ ಹುಬ್ಬಳ್ಳಿಯಿಂದ ಅವ್ವನ ಫೋನ್. ನಮ್ಮವರ ಬಾಯಿಂದ ಎಲ್ಲ ತಿಳಿದಿತ್ತು. ಅವಳ ದನಿ ಸಣ್ಣದಾಗಿತ್ತು. "ಮಂದಿ ಮಗನ ಬಾಳೇವು ನಿನ್ನ ಬಾಯಿಂದ ಕೆಡಬೇಕಾಗಿತ್ತೇನು? ಯಾಕ ಹೇಳಿದಿ ಸುಮಾ?"

ಇಬ್ಬರಿಗೂ ನಾನು ಹೇಳಿದ್ದು ಒಂದೇ ಉತ್ತರ. ನನಗೆ ಅಂಜಿಕೆಯಾಯಿತು ಎಂದೆ. ಇಲ್ಲಿ ಇಂಗ್ಲಿಷಿನಲ್ಲಿ, ಅಲ್ಲಿಗೆ ಕನ್ನಡದಲ್ಲಿ. ಇಬ್ಬರಲ್ಲಿ ಯಾರೂ ಅದನ್ನು ಒಪ್ಪಲಿಲ್ಲ.