ಕಿಟಕಿಯಲ್ಲಿ ನಿಂತ ಸೇಂಟ್ ಆಂಟನಿ

ಚಷ್ಮಾ ಕಳೆದರೆ ನಾನು ಮೊದಲು ಕರೆಯುವುದು ಸೇಂಟ್ ಆಂಟನಿಯನ್ನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಕ್ಯಾಥೊಲಿಕ್ ಸಂತ. ಇದೆಂಥ ಭಕ್ತಿಯೆಂದು ಸೊಸೆ ನಗುತ್ತಾಳೆ. ಕಾನ್ವೆಂಟ್ ಭಕ್ತಿ, ಏನು ಮಾಡಲಿ?

ನಿಜಾಮರ ಕಾಲದಲ್ಲಿ ಭಾಲ್ಕಿಯಲ್ಲಿ ವಕೀಲರಾಗಿದ್ದ ಅಪ್ಪ ನನ್ನನ್ನು ಹೈದರಾಬಾದಿನ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ಸ್ಪೆಲಿಂಗಿನಲ್ಲಿ ಫಸ್ಟ್ ಬಂದವಳಿಗೆ ಸಿಸ್ಟರ್ ಒಂದು ಹೋಲಿ ಕಾರ್ಡ್ ಕೊಡುತ್ತಿದ್ದರು. ಇಸ್ಪೀಟು ಎಲೆಯಷ್ಟು ದೊಡ್ಡದು, ಅಂಚಿಗೆ ಬಂಗಾರದ ಗೆರೆ, ನಡುವೆ ಒಬ್ಬ ಸಂತ. ಸರ್ಕಾರಿ ದಫ್ತರಿನ ಹಾಗೆ ಸಂತರಿಗೂ ಖಾತೆಗಳಿದ್ದವು: ಕಳೆದ ವಸ್ತುವಿಗೆ ಆಂಟನಿ, ಕಣ್ಣಿಗೆ ಲೂಸಿ, ಪ್ರಯಾಣಕ್ಕೆ ಕ್ರಿಸ್ಟೊಫರ್, ಅಡುಗೆಮನೆಗೆ ಲಾರೆನ್ಸ್. ಧರ್ಮಕ್ಕಾಗಿ ಪ್ರಾಣ ಕೊಟ್ಟ ಮಾರ್ಟರ್‌ಗಳಂತೂ ತಮ್ಮನ್ನು ಕೊಂದ ಹತ್ಯಾರವನ್ನು ತಾವೇ ಹಿಡಿದುಕೊಂಡು, ಫೋಟೋಕ್ಕೆ ಬಂದವರಂತೆ ಶಾಂತವಾಗಿ ನಿಂತಿರುತ್ತಿದ್ದರು.

ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟರಂತೆ. ಅದಕ್ಕೇ ಕಾನ್ವೆಂಟಿನ ಒಲೆಯ ಮೇಲೆ ಅವರ ಪಟ. ರಜೆಗೆ ಬಂದ ನಾನೂ ನಮ್ಮ ಒಲೆಯ ಮೇಲೆ ಒಂದು ಅಂಟಿಸಿದೆ. ಅಪ್ಪನ ತಾಯಿ, ನಮ್ಮ ಆಯಿ, ಕಥೆ ಕೇಳಿ ಸಿಟ್ಟಾದಳು. "ಒಮ್ಮಿ ಸುಟ್ಕೊಂಡ ಮನಶಾಗ ಮತ್ತ ಬೆಂಕಿ ಮುಂದ ಕುಂದ್ರಸ್ತಿ? ಏನ್ ಸಾಲಿ ಕಲ್ತಿ ನೀ!" ಎಂದು ಕಿತ್ತು, ನೀರಿನ ಕೊಡದ ಪಕ್ಕ ಇಟ್ಟಳು.

ಹೈದರಾಬಾದ್ ಇಂಡಿಯಾಕ್ಕೆ ಸೇರಿದ ಪೊಲೀಸ್ ಆಕ್ಷನ್ನಿನ ವರ್ಷ, ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಗಲಾಟೆಗೆ ಬೋರ್ಡಿಂಗ್ ಮುಚ್ಚಿ ನಾನು ಮನೆಯಲ್ಲೇ ಇದ್ದೆ. ಅಪ್ಪ ಖಾಸೀಮ್ ಚಾಚಾನ ಟಾಂಗಾದಲ್ಲಿ ಔರಾದಿನ ಕೋರ್ಟಿಗೆ ಹೋಗಿದ್ದರು. ಅಷ್ಟರಲ್ಲಿ ದಾರಿಗಳು ಬಂದ್ ಆದವು. ಸುದ್ದಿಯೇ ಇಲ್ಲ. ಅವ್ವ ಊಟ ಬಿಟ್ಟಳು.

ಆಯಿ ನನ್ನನ್ನು ಕರೆದಳು. "ಕಳದದ್ದು ಹುಡಕಾವ ಯಾವನೋ ಅದಾನ ಅಂದಿದ್ದಿ. ಅವನಿಗಿ ತಗಿ ಹೊರಗ."

ಆಂಟನಿಯನ್ನು ತೆಗೆದೆ. ಕಳೆದದ್ದು ಸಿಗುವವರೆಗೆ ಅವರ ಮುಖವನ್ನು ಗೋಡೆಗೆ ತಿರುಗಿಸಿಡುವುದು ಕಾನ್ವೆಂಟಿನ ಅಡುಗೆಯವಳ ಪದ್ಧತಿ, ಸಂತರಿಗೂ ಪನಿಶ್‌ಮೆಂಟ್. ನಾನೂ ಹಾಗೇ ಮಾಡಿದೆ. ಆಯಿ ಕೈ ಹಿಡಿದಳು. "ಹುಡಕ್ಲಿಕ್ಕ ಹೋಗಾವನ ಮಾರಿ ಗ್ವಾಡಿಗಿ ಮಾಡಿದ್ರ ದಾರಿ ಹ್ಯಾಂಗ ಕಾಣ್ತದ, ಹುಚ್ಚಿ?" ಔರಾದಿನ ದಾರಿ ಕಾಣುವ ಕಿಟಕಿಯಲ್ಲಿ ಅವರನ್ನು ನಿಲ್ಲಿಸಿ, ಮುಂದೆ ರೊಟ್ಟಿ, ಉಳ್ಳಾಗಡ್ಡಿ ಇಟ್ಟಳು. ದೂರ ಹೋಗುವವನಿಗೆ ಬುತ್ತಿ ಬೇಡವೇ?

ಒಂದು ಮಧ್ಯಾಹ್ನ ಅಪ್ಪ ಬಂದರು. ಕೋಟಿನ ಜೇಬಿನಲ್ಲಿ ಖಾಸೀಮ್ ಚಾಚಾನ ಟೋಪಿ. ರಜಾಕಾರರು ತಡೆದಾಗ ಚಾಚಾ ಅದನ್ನು ಅಪ್ಪನ ತಲೆಗಿಟ್ಟು, "ಮೇರಾ ಸಾಲಾ ಹೈ" ಎಂದು ಸಂತಪುರ ದಾಟಿಸಿದ್ದನಂತೆ. ವಕೀಲಿಯೆಲ್ಲ ಮರೆತು ಅಪ್ಪ ಚಾಚಾನ ಹೆಂಡತಿಯ ತಮ್ಮನಾಗಿ ತಲೆಯಾಡಿಸಿದ್ದರು. ಇಂಡಿಯಾದ ಮಿಲಿಟರಿ ಬಂದ ಮೇಲೆ ಗಾಳಿ ತಿರುಗಿ, ಮುಸಲ್ಮಾನರ ಮೇಲೆ ಏಟು ಬೀಳತೊಡಗಿತು. ಆಗ ಅಪ್ಪ ಚಾಚಾನ ಹಣೆಗೆ ವಿಭೂತಿ ಬಳಿದರು. ಊರಂಚಿನಲ್ಲಿ ಅಪ್ಪನನ್ನು ಇಳಿಸಿ, ಚಾಚಾ ಒಬ್ಬನೇ ಖಟಕ ಚಿಂಚೋಳಿಯ ತನ್ನ ಮನೆಗೆ ಟಾಂಗಾ ತಿರುಗಿಸಿದ.

ಕೆಲವು ದಿನ ಕಳೆದು ಆಯಿ ಅಪ್ಪನಿಗೆ ರೊಟ್ಟಿ ಬಡಿಸುತ್ತ ನನ್ನನ್ನು ಕೇಳಿದಳು. "ಹಿಂಗ ಇನ್ನೊಬ್ರಿಗಿ ದಾರಿ ದಾಟ್ಸಾವ ನಿಮ್ಮ ಸಂತರಾಗ ಅದಾನೇನು?"

"ಸೇಂಟ್ ಕ್ರಿಸ್ಟೊಫರ್. ಮಂದಿಗಿ ಹೆಗಲ ಮ್ಯಾಲ ಹೊತ್ತು ಹೊಳಿ ದಾಟ್ಸಾವ."

"ಅವ ತನ್ನ ಮನಿಗಿ ಮುಟ್ಟಿದ್ನೇನು?"

ಅದು ನಮ್ಮ ಸಿಲೆಬಸ್ಸಿನಲ್ಲಿ ಇರಲಿಲ್ಲ. ಅಪ್ಪ ಮಾತ್ರ ಊಟ ಅಷ್ಟಕ್ಕೇ ಬಿಟ್ಟು ಎದ್ದರು. ಅವ್ವ ಬೇಡವೆಂದರೂ ಕೇಳದೆ ಚಿಂಚೋಳಿಗೆ ಹೋದರು. ಬಾಗಿಲು ತೆರೆದ ಚಾಚಿ ಅಪ್ಪನ ಬೆನ್ನ ಹಿಂದೆ ಇಣುಕಿ ನೋಡಿದಳಂತೆ. "ಬರ್ರಿ ವಕೀಲ್ ಸಾಬ್. ಅವ್ರಿಗಿ ಎಲ್ಲಿ ಬಿಟ್ ಬಂದ್ರಿ?"

ಖಾಸೀಮ್ ಚಾಚಾ ಸಿಗಲಿಲ್ಲ. ಕುದುರೆಯೂ ಸಿಗಲಿಲ್ಲ. ಒಬ್ಬನನ್ನು ಸಂತನೆನ್ನಲು ಚರ್ಚು ಸಾಕ್ಷಿ ಕೇಳುತ್ತದೆ, ಪವಾಡ ಕೇಳುತ್ತದೆ. ಅಪ್ಪನ ಬಳಿ ಇದ್ದ ಸಾಕ್ಷಿಯೂ ಪವಾಡವೂ ಒಂದೇ: ತಾವು ಬದುಕಿ ಬಂದದ್ದು.

ಹೆಸರು ಗೊತ್ತಿಲ್ಲದ ಸಂತರಿಗೂ ಸೇರಿ ನವೆಂಬರ್ ಒಂದಕ್ಕೆ ಆಲ್ ಸೇಂಟ್ಸ್ ಡೇ ಎಂದೊಂದು ಹಬ್ಬವಿದೆ. ಆ ದಿನ ನಾನು ಚಾಚಾನ ಹೆಸರು ಹೇಳುತ್ತೇನೆ. ಲಿಂಗಾಯತ ಮುದುಕಿ ಮುಸಲ್ಮಾನನೊಬ್ಬನನ್ನು ಕ್ಯಾಥೊಲಿಕ್ ಸ್ವರ್ಗಕ್ಕೆ ಸಿಫಾರಸು ಮಾಡುವುದು ಯಾವ ರೂಲ್ಸಿನಲ್ಲೂ ಇಲ್ಲ, ಗೊತ್ತು. ಸ್ವರ್ಗದ ಗೇಟು ಕಾಯುವ ಸೇಂಟ್ ಪೀಟರ್ ತಕರಾರು ಮಾಡಿದರೆ ನಾನೇ ಮಾತಾಡುತ್ತೇನೆ. ಇಂಗ್ಲಿಷ್ ಬರುತ್ತದೆ, ಹೋಗುವ ದಿನವೂ ದೂರವಿಲ್ಲ.