ಸಣ್ಣ ಪಾತ್ರ ಮಾಡುತ್ತಿದ್ದ ಅಂಕಲ್

ಇವತ್ತು ಜಾರ್ಜ್‌ಟೌನಿನ ನಮ್ಮ ಮನೆಯ ಟೀವಿಯಲ್ಲಿ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಧಾರಾವಾಹಿಯೊಂದು ಬರುತ್ತಿತ್ತು. ಹೋಟೆಲ್ ಮಾಣಿಯ ವೇಷದಲ್ಲಿ ಒಬ್ಬರು ಬಂದರು. ಆ ಅಗಲ ಕಿವಿ ನೋಡಿದ್ದೇ ಗುರುತು ಸಿಕ್ಕಿತು.

ನಾನು ಚಿಕ್ಕವಳಿದ್ದಾಗ ರಿಚರ್ಡ್‌ಸನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಅವರು. ಹರೆಯದಲ್ಲಿ ನಾಟಕ, ಟೀವಿ ಎರಡರಲ್ಲೂ ನಟಿಸಿದವರು. ಆಗ ನನಗದು ಗೊತ್ತಿರಲಿಲ್ಲ. ಹುಲ್ಲಿಗೆ ನೀರು ಬಿಡುವುದಕ್ಕೂ ಇಸ್ತ್ರಿ ಶರ್ಟು ತೊಡುತ್ತಿದ್ದರು. ಒಂದು ದಿನ ಅಮ್ಮ ಅವರನ್ನು ನೋಡುತ್ತಾ ಅಜ್ಜಿಗೆ ಹೇಳಿದಳು, “ಪಾಪ, ಕೊನೇತನಕ ಬರೀ ಸಣ್ಣ ಪಾತ್ರ ಮಾಡಿದ್ರಂತೆ.”

ನನ್ನ ಅರೆಬರೆ ಕನ್ನಡಕ್ಕೆ ಅದು ಪಾತ್ರೆ ಎಂದು ಕೇಳಿಸಿತು. ಸಾರು ಕೊಡಲು ಹೋದಾಗ, ಹುಲ್ಲಿಗೆ ನೀರು ಬಿಡುತ್ತಿದ್ದ ಅವರನ್ನು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ, “ಯಾಕೆ ಅಂಕಲ್, ಬರೀ ಸಣ್ಣ ಪಾತ್ರೆ ಮಾಡಿದ್ರಿ? ದೊಡ್ಡದು ಮಾಡೋಕೆ ಬರಲ್ವಾ?”

ಯಾವ ಪಾತ್ರೆ ಎಂದು ಅವರು ಕೇಳಲಿಲ್ಲ. ಪೈಪಿನ ನೀರು ಅವರ ಬೂಟಿನ ಮೇಲೇ ಸುರಿಯುತ್ತಿತ್ತು.

“ಬರ್ತಿತ್ತು ಮರಿ. ಯಾರೂ ಕೇಳಲಿಲ್ಲ,” ಎಂದರು.

ಕನ್ನಡದ ಒಂದಕ್ಷರ ಬಾರದವರಿಗೆ ನನ್ನ ತಪ್ಪು ಪ್ರಶ್ನೆ ಅಷ್ಟು ಸರಿಯಾಗಿ ಹೇಗೆ ಅರ್ಥವಾಯಿತು? ಅಥವಾ ಅರ್ಥವೇ ಆಗಿರಲಿಲ್ಲವೋ? ನನಗೆ ಇವತ್ತಿಗೂ ಬಗೆಹರಿದಿಲ್ಲ.

ಟೀವಿಯಲ್ಲಿ ಅವರು ಸೂಪ್ ಬಡಿಸಿ, ಒಂದು ಮಾತೂ ಆಡದೆ ಮರೆಯಾದರು. ಕೈಯಲ್ಲಿದ್ದದ್ದು ಮಾತ್ರ ದೊಡ್ಡ ಪಾತ್ರೆ.